ನಮ್ಮ ತೋಟದ ಕಾಫಿ

ಶಿರೂರಿಗೆ ವರ್ಗವಾಗಿ ಬಂದ ಮೊದಲ ವಾರ ಕೆಳಮನೆಯ ಕಾಕೂ ಕಾಫಿ ಕಳುಹಿಸಿದ್ದರು. ಪುಣೆ ಸೀಮೆಯಲ್ಲಿ ಮನೆಗೆ ಬಂದವರಿಗೆ ಕೊಡುವುದು ಚಹ. ಅದನ್ನು ಕೇಳಿ ಕೊಡುವ ಪದ್ಧತಿಯೂ ಇಲ್ಲ, ಅದು ತಾನಾಗಿಯೇ ಬರುತ್ತದೆ. ಕಾಫಿ ಕೊಟ್ಟರೆಂದರೆ ಅದೊಂದು ವಿಶೇಷ ಮರ್ಯಾದೆ ಎಂದು ತಿಳಿಯಬೇಕು. ಮೇಲಿನ ಮನೆಗೆ ಬಂದವರು ಕರ್ನಾಟಕದವರು, ಕಾಫಿ ಕುಡಿಯುವ ಜನ ಎಂದು ಅವರು ಯಾರಿಂದಲೋ ವಿಚಾರಿಸಿ ತಿಳಿದುಕೊಂಡು, ಅಂಗಡಿಯಿಂದ ಪುಡಿ ತರಿಸಿ, ಮೊಮ್ಮಗನ ಕೈಯಲ್ಲಿ ಸ್ಟೀಲ್ ತಟ್ಟೆಯ ಮೇಲೆ ಎರಡು ಲೋಟ ಇಟ್ಟು ಕಳುಹಿಸಿದ್ದರು. ಗಟ್ಟಿ ಎಮ್ಮೆಹಾಲು, ಮೇಲೊಂದು ಕೆನೆಯ ಪದರ, ಧಾರಾಳವಾದ ಸಕ್ಕರೆ, ಏಲಕ್ಕಿ, ಎಲ್ಲಕ್ಕೂ ಮೇಲೆ ತುರಿದ ಜಾಯಿಕಾಯಿ.

ಮರುದಿನ ಲೋಟ ಹಿಂದಿರುಗಿಸಲು ಹೋದಾಗ ಕಾಕೂ ಆಸೆಯಿಂದ ಕೇಳಿದರು, ಕಾಫಿ ಹೇಗಿತ್ತು ಎಂದು. "ಕಾಕೂ, ಪಾಯಸ ಬಹಳ ಚೆನ್ನಾಗಿತ್ತು" ಎಂದೆ ನಾನು, ನನ್ನ ಹರಕು ಹಿಂದಿಯಲ್ಲಿ. ಅವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕರು. ಅವರು ನಕ್ಕದ್ದರಿಂದ ಮಾತು ಗೆದ್ದಿತು ಎಂದುಕೊಂಡೆ. ಪುಣೆಯಲ್ಲಿ ನಮ್ಮ ಕನ್ನಡ ಗೆಳೆಯರು ಸೇರಿದಾಗಲೆಲ್ಲ ಈ ಪಾಯಸದ ಪ್ರಸಂಗವನ್ನು ಹೇಳಿ ನಗಿಸಿದ್ದೇನೆ. ಓದುಗರಲ್ಲಿ ಕೆಲವರು ಅದನ್ನು ನನ್ನ ಬಾಯಿಂದಲೇ ಕೇಳಿರಬಹುದು. ಇಂದು ಬರೆಯುತ್ತಿರುವುದು ಅದರ ಉಳಿದ ಭಾಗ.

ಮೊದಲು ಊರಿನ ಮಾತು ಹೇಳಿಬಿಡುತ್ತೇನೆ. ಶಿರೂರಿನಲ್ಲಿದ್ದೇನೆ ಎಂದರೆ ಊರ ಕಡೆಯವರು ಕೇಳುವ ಮೊದಲ ಪ್ರಶ್ನೆ, "ಯಾವ ಶಿರೂರು?" ಉಡುಪಿಯ ಅಷ್ಟಮಠಗಳಲ್ಲಿ ಒಂದು ಶಿರೂರು, ಬೈಂದೂರಿನ ಬಳಿ ಒಂದು, ಬಾಗಲಕೋಟೆಯ ಕಡೆ ಒಂದು. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ನನ್ನ ದೂರವಾಣಿ ಎರಡು ದಿನ ಸುಮ್ಮನಿರಲಿಲ್ಲ. ನನ್ನದು ಘೋಡ್ ನದಿಯ ದಂಡೆಯ ಶಿರೂರು, ಹಳಬರ ಬಾಯಲ್ಲಿ ಘೋಡನದಿ. ಪುಣೆಯಿಂದ ಅಹಮದ್‌ನಗರಕ್ಕೆ, ಈಗಿನ ಹೆಸರಿನಲ್ಲಿ ಅಹಿಲ್ಯಾನಗರಕ್ಕೆ, ಹೋಗುವ ಹೆದ್ದಾರಿಯ ಮೇಲಿದೆ. ಹೊಳೆ ದಾಟಿದರೆ ಬೇರೆ ಜಿಲ್ಲೆ. ಈಚೆಗೆ ಬಂದರೆ ರಾಂಜಣಗಾವಿಯ ಗಣಪತಿ, ಅದರ ಮಗ್ಗುಲಲ್ಲೇ ಕಾರ್ಖಾನೆಗಳ ಸಾಲು. ಹೆಸರಿನ ಕೊನೆಯ 'ಊರು' ಕಂಡು ಶಂ.ಬಾ. ಜೋಶಿಯವರು ಸಂತೋಷಪಡುತ್ತಿದ್ದರೇನೋ. ಆ 'ಊರು' ಬಿಟ್ಟರೆ ಕನ್ನಡದ್ದೆಂದು ತೋರಿಸಲು ಇಲ್ಲಿ ನನಗೆ ಏನೂ ಸಿಕ್ಕಿಲ್ಲ. ಕಬ್ಬು, ಈರುಳ್ಳಿ, ಜೋಳದ ಭಾಕರಿ, ಬಸ್‌ನಿಲ್ದಾಣದ ಎದುರಿನ ಅಮೃತತುಲ್ಯ ಚಹದ ಅಂಗಡಿಗಳು. ಹಿತ್ತಾಳೆಯ ಪಾತ್ರೆಯಲ್ಲಿ ಶುಂಠಿ ಏಲಕ್ಕಿಯೊಂದಿಗೆ ಕುದಿಯುವ ಆ ಚಹಕ್ಕೆ ಹೆಸರು ಅತಿಯಾಗಿದೆ ಎಂದು ಮೊದಲು ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ಇಂಥ ಊರಿನಲ್ಲಿ ಫಿಲ್ಟರಿನೊಂದಿಗೆ ಬಂದಿಳಿದವನು ತನಗೆ ತಾನೇ ಒಂದು ಪೀಠ ಹಾಕಿಕೊಳ್ಳುವುದು ಸುಲಭ. ಎದುರುಪಕ್ಷವೇ ಇರುವುದಿಲ್ಲ.

ಕಾಫಿಯ ಬಗ್ಗೆ ಮಾತನಾಡುವ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಕಲಿತದ್ದು ಪುಣೆಯಲ್ಲಿ, ನಲವತ್ತು ದಾಟಿದ ಮೇಲೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ಬಂಧುವೊಬ್ಬ ಕೋರೆಗಾಂವ್ ಪಾರ್ಕ್ ಕಡೆಯ ಕೆಫೆಯೊಂದಕ್ಕೆ ಕರೆದುಕೊಂಡು ಹೋದ. ಮೇಜಿನ ಮೇಲೆ ತಂದಿಟ್ಟ ಕಪ್ಪಿನ ಜೊತೆಗೆ ವಿಸಿಟಿಂಗ್ ಕಾರ್ಡಿನಂಥದೊಂದು ಚೀಟಿ ಇತ್ತು. ತೋಟದ ಹೆಸರು, ಚಿಕ್ಕಮಗಳೂರು, ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎತ್ತರ, ತಳಿ ಎಸ್795, ಸಂಸ್ಕರಣೆ ವಾಶ್ಡ್, ರುಚಿ ಕಿತ್ತಳೆ, ಬೆಲ್ಲ, ಬಾದಾಮಿ. ನಾನು ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತೆ. ಎಸ್795 ನಮ್ಮ ಮನೆಯ ಮಾತು. 'ಸೆವೆನ್ ನೈಂಟಿಫೈವ್ ಈ ಸಲ ಚೆನ್ನಾಗಿ ಕಚ್ಚಿದೆ' ಎಂದು ಅಪ್ಪ ಹೇಳುತ್ತಿದ್ದುದು ಒಳ್ಳೆಯ ತಳಿಯ ಹಸುವಿನ ಬಗ್ಗೆ ಹೇಳಿದ ಹಾಗೆ ಇರುತ್ತಿತ್ತು. ಆ ತಳಿ ಹುಟ್ಟಿದ್ದೂ ನಮ್ಮ ಕಡೆಯೇ, ಬಾಳೆಹೊನ್ನೂರಿನ ಬಳಿ 1925ರಲ್ಲಿ ಮೈಸೂರು ಸರ್ಕಾರ ತೆರೆದ ಸಂಶೋಧನಾ ಕೇಂದ್ರದಲ್ಲಿ. ಅಂಚೆ ಇಲಾಖೆಯವನಾದ್ದರಿಂದ ಇನ್ನೊಂದು ಮಾತು ಸೇರಿಸುವ ಚಪಲ: ಆ ಕೇಂದ್ರದ ಅಂಚೆ ಕಚೇರಿಯ ಹೆಸರೇ ಕಾಫಿ ರಿಸರ್ಚ್ ಸ್ಟೇಷನ್, ಪಿನ್‌ಕೋಡ್ 577117. ಒಂದು ಬೆಳೆಯ ಸಂಶೋಧನೆಯ ಹೆಸರನ್ನು ಹೊತ್ತ ಅಂಚೆ ಕಚೇರಿ ಅದು.

ಕಾಫಿ ಮಾಡಿಕೊಟ್ಟ ಹುಡುಗ ಬಂದು ಕಿತ್ತಳೆಯ ರುಚಿ ಸಿಕ್ಕಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ನನಗೆ ಸಿಕ್ಕಿದ್ದು ಹುಳಿ. ಆದರೂ ಸಿಕ್ಕಿತು ಎಂದೆ. ನೀವು ಚಿಕ್ಕಮಗಳೂರಿನವರೇ ಎಂದ. ಹೌದು ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಎಸ್795 ನಮ್ಮ ತೋಟದಲ್ಲೂ ಇತ್ತು" ಎಂದು ಇಂಗ್ಲಿಷಿನಲ್ಲೇ ಸೇರಿಸಿದೆ. ಹುಡುಗನ ಮುಖದಲ್ಲಿ ಗೌರವ ಮೂಡಿತು. ಬಂಧುವಿಗೆ ನಿಜ ಗೊತ್ತಿತ್ತು. ಅವನು ಮೊಬೈಲ್ ನೋಡುತ್ತಿದ್ದ.

ಮಲೆನಾಡಿನ ಎಸ್ಟೇಟುಗಳಲ್ಲಿ ಬೆಳೆದವರಿಗೆ ಈ 'ನಮ್ಮ'ದ ಲೆಕ್ಕ ಗೊತ್ತಿರುತ್ತದೆ. ಧಣಿಗಳ ಮಗನೂ ನಮ್ಮ ತೋಟ ಎನ್ನುತ್ತಾನೆ, ಲೈನ್‌ಮನೆಯಲ್ಲಿ ಹುಟ್ಟಿದ ಮಗುವೂ ನಮ್ಮ ತೋಟ ಎನ್ನುತ್ತದೆ. ಯಾರೂ ತಪ್ಪು ತಿಳಿಯುವುದಿಲ್ಲ. ಕನ್ನಡದಲ್ಲಿ ಹೇಳಿದ್ದರೆ ನಿಜವಾಗಿರುತ್ತಿದ್ದ ಮಾತು ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಸುಳ್ಳಾಯಿತು. ಇಂಗ್ಲಿಷ್ ಎಂ.ಎ. ಮಾಡಿದವನಿಗೆ ಈ ವ್ಯತ್ಯಾಸ ತಿಳಿಯಲಿಲ್ಲವೆಂದು ಹೇಳಿಕೊಳ್ಳುವಂತಿಲ್ಲ. ತಿಳಿದೇ ಹೇಳಿದೆ.

ಅಲ್ಲಿಂದ ಮುಂದೆ ವಿದ್ಯೆ ವೇಗವಾಗಿ ಬೆಳೆಯಿತು. ಅರೇಬಿಕಾ ಬೇರೆ, ರೋಬಸ್ಟಾ ಬೇರೆ. ಒಂದೇ ಕಾಳಿನ ಪೀಬರಿ ಬೇರೆ. ಮಂಗಳೂರಿನ ಗೋದಾಮುಗಳಲ್ಲಿ ಮುಂಗಾರಿನ ಗಾಳಿ ಕುಡಿದು ಉಬ್ಬಿದ ಮಾನ್ಸೂನ್ಡ್ ಮಲಬಾರ್ ಬೇರೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಐದು ಕಾಫಿಗಳಲ್ಲಿ ಮೂರು ನಮ್ಮವು, ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ. ಪರೀಕ್ಷಕರು ನೂರಕ್ಕೆ ಎಂಬತ್ತು ಅಂಕ ಕೊಟ್ಟರೆ ಮಾತ್ರ ಅದು ಸ್ಪೆಷಾಲಿಟಿ. ಶಿರೂರಿನ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಡಿಕಾಕ್ಷನ್ ಸಪ್ಪೆಯಾಗುತ್ತದೆ ಎಂದು ಕಾಫಿಗೆ ಮಾತ್ರ ಇಪ್ಪತ್ತು ಲೀಟರಿನ ಕ್ಯಾನ್ ತರಿಸತೊಡಗಿದೆ. ಮಕ್ಕಳು ಕುಡಿಯುತ್ತಿದ್ದುದು ಅದೇ ಬೋರ್‌ವೆಲ್ ನೀರನ್ನು ಫಿಲ್ಟರಿಗೆ ಹಾಕಿ. ಚಿಕೋರಿಯ ಬಗ್ಗೆಯಂತೂ ನನ್ನದು ಉಗ್ರ ನಿಲುವು. ಗುಜರಾತಿನಲ್ಲೂ ಉತ್ತರಪ್ರದೇಶದಲ್ಲೂ ಬೆಳೆಯುವ ಒಂದು ಬೇರನ್ನು ಹುರಿದು ಬೆರೆಸಿ, ನೂರರಲ್ಲಿ ನಲವತ್ತೊಂಬತ್ತರವರೆಗೂ ಅದನ್ನೇ ತುಂಬಿ ಕಾಫಿ ಮಿಶ್ರಣವೆಂದು ಮಾರಲು ಕಾನೂನು ಅವಕಾಶ ಕೊಡುತ್ತದೆಂದು ಕಚೇರಿಯಲ್ಲಿ ಎಲ್ಲರಿಗೂ ತಿಳಿಸಿದ್ದೆ. ಅವರೆಲ್ಲರೂ ಚಹ ಕುಡಿಯುವವರು. ಸಹನೆಯಿಂದ ಕೇಳಿದರು.

ನನ್ನ ಹೆಂಡತಿ ಧಾರವಾಡದ ಕಡೆಯವಳು, ಅವಳದೂ ಚಹದ ಮನೆತನವೇ. "ನಿಮ್ಮ ಕಾಫಿ ಕುಡಿಯೂದು ಎರಡ ನಿಮಿಷ, ಅದರ ಪುರಾಣ ಕೇಳೂದು ಅರ್ಧಾ ತಾಸು" ಎಂದು ಒಮ್ಮೆ ಹೇಳಿ, ಅನಂತರ ಹೇಳುವುದನ್ನೂ ಬಿಟ್ಟಳು.

ಇಂಥವನಿಗೆ ಇಂಗ್ಲಿಷಿನಲ್ಲಿ ಸ್ನಾಬ್ ಎಂಬ ಶಬ್ದವಿದೆ. ಕನ್ನಡದಲ್ಲಿ ಸರಿಯಾದ ಶಬ್ದ ಹುಡುಕಿ ಸೋತಿದ್ದೇನೆ. ಜಂಬ, ದೊಡ್ಡಸ್ತಿಕೆ, ಬಡಿವಾರ, ಎಲ್ಲವೂ ಹತ್ತಿರ ಬಂದು ನಿಲ್ಲುತ್ತವೆ. ಜಂಬಗಾರನಿಗೆ ತನ್ನಲ್ಲಿ ಏನೋ ಇದೆಯೆಂಬ ಭ್ರಮೆಯಾದರೂ ಇರುತ್ತದೆ. ಸ್ನಾಬಿಗೆ ಒಳಗೊಳಗೇ ಗೊತ್ತಿರುತ್ತದೆ, ತನ್ನಲ್ಲಿ ಇಲ್ಲವೆಂದು. ಆ ಶಬ್ದದ ಚರಿತ್ರೆಯೂ ಸ್ವಾರಸ್ಯವಾದದ್ದು. ಹದಿನೆಂಟನೆಯ ಶತಮಾನದಲ್ಲಿ ಅದರ ಅರ್ಥ ಜೋಡು ಹೊಲಿಯುವವನು. ಕೇಂಬ್ರಿಜ್ ವಿದ್ಯಾರ್ಥಿಗಳು ಅದನ್ನು ವಿಶ್ವವಿದ್ಯಾಲಯಕ್ಕೆ ಸೇರದ ಊರಿನ ಸಾಮಾನ್ಯರಿಗೆ ಹಚ್ಚಿದರು. 1846-47ರಲ್ಲಿ ಥ್ಯಾಕರೆ ಪಂಚ್ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಿಂದ, ಮೇಲಿನವರನ್ನು ಅನುಕರಿಸಿ ಕೆಳಗಿನವರನ್ನು ಕಡೆಗಣಿಸುವವನು ಎಂಬ ಅರ್ಥ ನಿಂತಿತು. ತರಗತಿಯಲ್ಲಿ ಪೋಪ್ ಕವಿಯ 'ದಿ ರೇಪ್ ಆಫ್ ದಿ ಲಾಕ್' ಓದಿದ್ದು ನೆನಪಿದೆ. ಅದರ ಮೂರನೆಯ ಸರ್ಗದಲ್ಲಿ ಕಾಫಿ ಬೀಸಿ, ಕಾಸಿ, ಬಗ್ಗಿಸುವುದನ್ನು ಮಹಾಕಾವ್ಯದ ಗಾಂಭೀರ್ಯದಿಂದ ವರ್ಣಿಸಲಾಗಿದೆ. ಸಣ್ಣ ವಿಷಯಕ್ಕೆ ಮಹಾಕಾವ್ಯದ ಭಾಷೆ ತೊಡಿಸಿದರೆ ನಗೆ ಹುಟ್ಟುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಈಗ ಅಪ್ಪನ ವಿಷಯ. ಅಪ್ಪ ಬಾಳೆಹೊನ್ನೂರಿನಿಂದ ಒಳಗಿನ ಒಂದು ಎಸ್ಟೇಟಿನಲ್ಲಿ ರೈಟರು. ರೈಟರೆಂದರೆ ಬರಹಗಾರರಲ್ಲ, ಹಾಜರಿ ಬರೆಯುವವರು. ಬೆಳಿಗ್ಗೆ ಆಳುಗಳ ಹೆಸರು ಕೂಗಬೇಕು, ಕುಯ್ಲಿನ ಕಾಲದಲ್ಲಿ ಸಂಜೆ ಪ್ರತಿಯೊಬ್ಬರ ಹಣ್ಣು ತೂಗಿ ಪುಸ್ತಕಕ್ಕೆ ಹತ್ತಿಸಬೇಕು. ಸುಮಾರು ಆರು ಕಿಲೋ ಹಣ್ಣು ಬಿಡಿಸಿದರೆ ಒಂದು ಕಿಲೋ ಬೇಳೆ. ತಕ್ಕಡಿಯ ಮುಂದೆ ನಿಂತ ಹೆಂಗಸರಿಗೂ ಆಚೆ ಬಂಗಲೆಯ ಜಗುಲಿಯಲ್ಲಿ ಕುಳಿತ ಧಣಿಗಳಿಗೂ ನಡುವೆ ಅಪ್ಪ. ಎರಡೂ ಕಡೆಯವರಿಗೆ ಅವರ ಮೇಲೆ ಅರ್ಧ ನಂಬಿಕೆ.

ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಗೆ ಹತ್ತಿರದ ಪರಿಮಳ ಮನೆಯೊಳಗೂ ಬಂದು ಕೂರುತ್ತಿತ್ತು. ಕಾಫಿಯ ಬಗ್ಗೆ ಬರೆಯುವವರು ಇದನ್ನು ಬರೆಯುತ್ತಾರೆ, ನಾನೂ ಹಲವರಿಗೆ ವರ್ಣಿಸಿದ್ದೇನೆ. ವರ್ಣಿಸದೆ ಬಿಟ್ಟದ್ದು ಜನವರಿಯನ್ನು. ಪಲ್ಪರ್ ಮನೆಯಲ್ಲಿ ಹಣ್ಣಿನ ಸಿಪ್ಪೆ ಸುಲಿದು, ಲೋಳೆ ಹೋಗುವವರೆಗೆ ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ತೊಳೆದು, ಕಣದಲ್ಲಿ ಒಣಗಿಸುವ ತಿಂಗಳು ಅದು. ಸಿಪ್ಪೆಯ ರಾಶಿ ಕೊಳೆಯುವ ವಾಸನೆ, ತೊಳೆದ ನೀರಿನ ಹುಳಿ ನಾತ. ಅಪ್ಪನ ಖಾಕಿ ಅಂಗಿ ಮೂರು ತಿಂಗಳು ಅದನ್ನೇ ಹೊತ್ತಿರುತ್ತಿತ್ತು. ಅಮ್ಮ ಆ ಅಂಗಿಯನ್ನು ಒಳಗೆ ತರಲು ಬಿಡುತ್ತಿರಲಿಲ್ಲ. ಹಿತ್ತಿಲಿನ ತಂತಿಯ ಮೇಲೆ ಅದಕ್ಕೇ ಬೇರೆ ಜಾಗವಿತ್ತು. ಬಾಳೆಹೊನ್ನೂರಿನ ಹೈಸ್ಕೂಲಿಗೆ ಅಪ್ಪ ಒಮ್ಮೆ ಅದೇ ಅಂಗಿಯಲ್ಲಿ ಫೀಸು ಕಟ್ಟಲು ಬಂದಾಗ, ನಾನು ಅವರನ್ನು ಕಂಡೂ ಕಾಣದವನಂತೆ ತರಗತಿಯೊಳಗೆ ಉಳಿದಿದ್ದೆ.

ಕೋರೆಗಾಂವ್ ಪಾರ್ಕಿನ ಆ ಕೆಫೆಗೆ ಎರಡನೆಯ ಸಲ ಹೋದಾಗ ಹುಡುಗ ಇನ್ನೊಂದು ಕಾಫಿ ಕೊಟ್ಟ. ಅದು ಆಮ್ಲಜನಕ ತಾಗದಂತೆ ಮುಚ್ಚಿಟ್ಟು ಹುಳಿಯಿಸಿದ್ದು, ಬೆಲೆ ಇನ್ನೂ ಹೆಚ್ಚು. ಚೀಟಿಯ ಮೇಲೆ 'ಹುದುಗಿದ ಹಣ್ಣು, ವೈನ್' ಎಂದಿತ್ತು. ಮೂಗಿನ ಹತ್ತಿರ ತಂದೆ. ಅಪ್ಪನ ಅಂಗಿ.

ಆ ದಿನ ನಾನು ಹುಡುಗನಿಗೆ ಏನೂ ಹೇಳಲಿಲ್ಲ. ಆದರೆ ಮುಂದಿನ ವಾರವೇ ಗೆಳೆಯರ ನಡುವೆ 'ವೈನಿನ ಛಾಯೆ' ಎಂಬ ಮಾತನ್ನು ಬಳಸಿದೆ.

ಮನೆಯಲ್ಲಿ ನಾವು ಕುಡಿಯುತ್ತಿದ್ದುದು ಯಾವ ಕಾಫಿ? 1942ರ ಕಾನೂನಿನಿಂದ ಬಂದ ಕಾಫಿ ಮಂಡಳಿಯ ಕಾಲವದು. ಮನೆಬಳಕೆಗೂ ಬಿತ್ತನೆಗೂ ಒಂದಿಷ್ಟು ಬಿಟ್ಟು ಬೆಳೆಯನ್ನೆಲ್ಲ ಮಂಡಳಿಯ ಪೂಲಿಗೆ ಒಪ್ಪಿಸಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಹಿಡಿತ ಸಡಿಲವಾಗಿ 1996ರ ಹೊತ್ತಿಗೆ ಪೂಲ್ ಮುಗಿಯಿತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿದಾಗ ಧಣಿಗಳು ಹೊಸ ಕಾರು ಕೊಂಡರು, ಅಪ್ಪನಿಗೆ ಹೊಸ ಸೈಕಲ್ ಬಂತು. ಅವರು ಕೊಟ್ಟದ್ದು ಸಂತೋಷದಿಂದಲೇ, ಅಪ್ಪ ಪಡೆದದ್ದೂ ಸಂತೋಷದಿಂದಲೇ. ಆದರೆ ಮಂಡಳಿಯಿದ್ದಾಗಲೂ ಹೋದ ಮೇಲೂ ನಮ್ಮ ಮನೆಗೆ ಬರುತ್ತಿದ್ದುದು ಒಂದೇ: ಆರಿಸಿ ಬದಿಗೆ ಹಾಕಿದ ಕರಿಕಾಳು, ಒಡೆದದ್ದು, ನೀರಿನಲ್ಲಿ ತೇಲಿದ ಜೊಳ್ಳು. ಅಮ್ಮ ಅದನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದು ಒರಳಿನಲ್ಲಿ ಕುಟ್ಟುತ್ತಿದ್ದಳು. ಸಾಲದೆ ಬಂದಾಗ ಹುರಿದ ಕೊತ್ತಂಬರಿ ಬೀಜವೂ ಗೋಧಿಯೂ ಸೇರುತ್ತಿದ್ದವು. ಬೆಲ್ಲ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸಿದರೆ ಅದೇ ಕಾಫಿ. ಫಿಲ್ಟರನ್ನು ನಾನು ಮೊದಲು ಕಂಡದ್ದು ಬಂಗಲೆಯ ಅಡುಗೆಮನೆಯಲ್ಲಿ. ಶಿರೂರಿಗೆ ನಾನು ತಂದ ಹಿತ್ತಾಳೆಯ ಫಿಲ್ಟರ್ ಪರಂಪರಾಗತವಾಗಿ ಬಂದದ್ದೆಂದು ಬಹಳ ಜನ ತಿಳಿದಿದ್ದಾರೆ. ಅದು ಬೆಂಗಳೂರಿನ ಅವೆನ್ಯೂ ರಸ್ತೆಯದು, 2011ರಲ್ಲಿ ಕೊಂಡದ್ದು. ಅಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ತಾವು ಒಂದೊಂದು ಕಿಲೋ ತೂಗಿ ಬರೆಸಿದ ಒಳ್ಳೆಯ ಅರೇಬಿಕಾದ ಒಂದು ಲೋಟವನ್ನೂ ಅವರು ಕುಡಿದಂತೆ ನನಗೆ ನೆನಪಿಲ್ಲ.

2024ರ ದೀಪಾವಳಿ ಕಳೆದ ಮೇಲೆ ಅಮ್ಮ ನಮ್ಮೊಂದಿಗೆ ಇರಲು ಶಿರೂರಿಗೆ ಬಂದಳು. ಮರಾಠಿ ಬಾರದ ಮುದುಕಿ ದಿನ ಹೇಗೆ ಕಳೆಯುತ್ತಾಳೋ ಎಂದು ನಾವು ಚಿಂತಿಸುತ್ತಿದ್ದರೆ, ನಾಲ್ಕನೆಯ ದಿನ ಅವಳು ಕಾಕೂವಿನ ಅಂಗಳದಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಎಸ್ಟೇಟಿನಲ್ಲಿ ಪಕ್ಕದ ಮನೆಯವರು ಕೊಂಕಣಿ ಮಾತಿನವರು. ಅವರಿಂದ ಕಲಿತ ಕೊಂಕಣಿಯನ್ನು ಅಮ್ಮ ಮರಾಠಿಯೆಂದು ಆಡುತ್ತಿದ್ದಳು, ಕಾಕೂ ಅದನ್ನು ಮರಾಠಿಯೆಂದೇ ಒಪ್ಪಿಕೊಂಡಿದ್ದರು. ಸಂಜೆ ನಾಲ್ಕಕ್ಕೆ ಇಬ್ಬರಿಗೂ ಕಾಫಿ. ಅದೇ ಕಾಫಿ: ಎಮ್ಮೆಹಾಲು, ಏಲಕ್ಕಿ, ಜಾಯಿಕಾಯಿ.

"ಅಮ್ಮ, ಅದು ಕಾಫಿಯಲ್ಲ. ನಾನು ಮಾಡಿಕೊಡುತ್ತೇನೆ" ಎಂದೆ.

"ನಿನ್ನದು ಕಹಿ ಮಾರಾಯ. ಅವರದು ಕುಡಿದರೆ ರಾತ್ರಿ ಒಳ್ಳೆ ನಿದ್ದೆ ಬರುತ್ತೆ."

ಕಾಫಿ ಕುಡಿದರೆ ನಿದ್ದೆ! ನಾನು ಬಾಬಾಬುಡನ್‌ರಿಂದ ಆರಂಭಿಸಿ ಒಂದು ಉಪನ್ಯಾಸ ಕೊಟ್ಟೆ. ಯೆಮನ್ನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟ ಕಥೆ ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಕೇಳಿದಳು. ಆ ಉಪನ್ಯಾಸದಲ್ಲಿ ಒಂದು ಸಂಗತಿಯನ್ನು ಮಾತ್ರ ನಾನು ಎಂದಿನಂತೆ ಬಿಟ್ಟುಬಿಟ್ಟೆ. ಆ ಬೀಜಗಳು ಬಂದ ಯೆಮನ್ನಿನಲ್ಲಿ, ಸುತ್ತಲಿನ ಅರಬ್ ನಾಡುಗಳಲ್ಲಿ, ಕಾಫಿಗೆ ಏಲಕ್ಕಿ ಹಾಕುವುದು ಹಳೆಯ ವಾಡಿಕೆ. ಒಣಗಿದ ಸಿಪ್ಪೆಯನ್ನು ಶುಂಠಿಯೊಂದಿಗೆ ಕುದಿಸಿ ಕುಡಿಯುವ ಕಿಶರ್ ಎಂಬ ಪಾನೀಯವೂ ಅಲ್ಲಿದೆ. ನಮ್ಮ ಫಿಲ್ಟರ್ ಕಾಫಿಯ ಜೀವವೆಂದು ಬಹುಪಾಲು ಕನ್ನಡಿಗರು ನಂಬಿರುವ ಚಿಕೋರಿ ಬಂದದ್ದು ಯುರೋಪಿನಿಂದ. ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ತಡೆ ಹಾಕಿ ಕಾಫಿ ಸಿಕ್ಕದಂತಾದಾಗ ಬಡತನದ ಬದಲಿಯಾಗಿ ಅದು ಅಲ್ಲಿ ಬೆಳೆದು ನಿಂತಿತು. ಲೆಕ್ಕ ಹಾಕಿದರೆ ಕಾಕೂವಿನ ಲೋಟ ಬಾಬಾಬುಡನ್‌ರಿಗೆ ನನ್ನ ಲೋಟಕ್ಕಿಂತ ಹತ್ತಿರ. ಇದನ್ನು ನಾನು ಓದಿ ಎರಡು ವರ್ಷವಾಗಿತ್ತು. ವಾದಕ್ಕೆ ಅಡ್ಡ ಬರುವುದರಿಂದ ಯಾರಿಗೂ ಹೇಳಿರಲಿಲ್ಲ.

ಇನ್ನು ಮದುವೆ. ನಮ್ಮ ಕಚೇರಿಯಲ್ಲಿ ನಿವೃತ್ತಿಗೆ ಹತ್ತಿರವಾದ ಪೋಸ್ಟ್‌ಮನ್ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಮಗಳ ಮದುವೆ 2025ರ ಫೆಬ್ರವರಿಯಲ್ಲಿ ನಿಶ್ಚಯವಾಯಿತು. "ಸಾಹೇಬ, ವರನ ಕಡೆಯವರು ಪುಣೆಯವರು. ಚಹ ಎಲ್ಲರೂ ಕೊಡುತ್ತಾರೆ. ನಿಮ್ಮ ತೋಟದ ಐದು ಕಿಲೋ ಕಾಫಿ ತರಿಸಿಕೊಡಿ, ಎಷ್ಟಾದರೂ ಕೊಡುತ್ತೇನೆ" ಎಂದರು. ಮೂವತ್ತು ವರ್ಷ ಬಿಸಿಲಿನಲ್ಲಿ ಕಾಗದ ಹಂಚಿದ ಮನುಷ್ಯ ನನ್ನ ಮುಂದೆ ಕೈಮುಗಿದು ನಿಂತು ಕೇಳಿದ್ದು ಅದು. ಆಗಲೇ ನಿಜ ಹೇಳಬಹುದಿತ್ತು. "ಅದಕ್ಕೇನಂತೆ, ದುಡ್ಡಿನ ಮಾತು ಬೇಡ" ಎಂದೆ.

ಕಾಫಿಯ ಬೆಲೆ ಹಿಂದೆಂದೂ ಏರದಷ್ಟು ಏರಿದ್ದ ದಿನಗಳವು. ಪುಣೆಯ ಅಂಗಡಿಯೊಂದರಲ್ಲಿ ಚಿಕ್ಕಮಗಳೂರಿನ ಪೀಬರಿ, ಚಿಕೋರಿಯಿಲ್ಲದ್ದು, ಐದು ಕಿಲೋ ಕೊಂಡೆ. ಅಂಗಡಿಯ ಚೀಟಿಗಳನ್ನು ಕಿತ್ತೆ. ಪೊಟ್ಟಣಗಳನ್ನೆಲ್ಲ ಒಂದು ಕೋರಾ ಬಟ್ಟೆಯ ಚೀಲಕ್ಕೆ ಹಾಕಿ ಬಾಯಿ ಹೊಲಿದು, ಹಳೆಯ ಪದ್ಧತಿಯ ಪಾರ್ಸೆಲ್ಲಿನಂತೆ ಸ್ಕೆಚ್ ಪೆನ್ನಿನಲ್ಲಿ ನನ್ನ ವಿಳಾಸ ಬರೆದೆ. ಕಳುಹಿಸಿದವರ ಜಾಗದಲ್ಲಿ ಬಾಳೆಹೊನ್ನೂರು. ಇಪ್ಪತ್ತು ವರ್ಷದ ಸೇವೆಯಲ್ಲಿ ಒಂದು ಸುಳ್ಳು ಬಿಲ್ಲು ಕೊಡದವನು ಹೀಗೆ ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ದಬ್ಬಳ ಹಿಡಿದು ಕುಳಿತಿದ್ದೆ. ಹೆಂಡತಿ ಬಂದು ನೋಡಿ, ದೀಪ ಆರಿಸುವುದನ್ನು ಮರೆಯಬೇಡಿ ಎಂದಷ್ಟೇ ಹೇಳಿ ಹೋದಳು.

ಭಾನುವಾರ ಕಾಕಾ ಲಗ್ನಪತ್ರಿಕೆ ತೆಗೆದುಕೊಂಡು ಮನೆಗೆ ಬಂದರು. ಅಮ್ಮ ಹೊರಕೋಣೆಯಲ್ಲೇ ಇದ್ದಳು, ಕಾಕೂ ಕೂಡ ಮೇಲೆ ಬಂದಿದ್ದರು. ಚೀಲ ತಂದುಕೊಟ್ಟೆ. ಕಾಕಾ ಅದನ್ನು ಕೈಯಲ್ಲಿ ತೂಗಿ ನೋಡಿದರು. ಆಮೇಲೆ ಆರೂ ಮಗ್ಗುಲನ್ನು ಒಂದೊಂದಾಗಿ ತಿರುವಿ ನೋಡಿದರು. ಪಾರ್ಸೆಲ್ ಕೈಗೆ ಬಂದರೆ ಅವರು ಯಾವಾಗಲೂ ಹಾಗೆಯೇ ನೋಡುವುದು. ಏನೂ ಹೇಳಲಿಲ್ಲ. ಅಮ್ಮನ ಕಾಲುಮುಟ್ಟಿ ನಮಸ್ಕರಿಸಿ, "ಆಯೀ, ನಿಮ್ಮ ತೋಟದ ಕಾಫಿ ನನ್ನ ಮಗಳ ಮದುವೆಗೆ ಬಂತು" ಎಂದರು.

ಅಮ್ಮ ನಕ್ಕು ತನ್ನ ಕೊಂಕಣಿ ಮರಾಠಿಯಲ್ಲಿ ಹೇಳಿದಳು, ನಮಗೆಲ್ಲಿಯ ತೋಟ, ಇವನ ಅಪ್ಪ ಅಲ್ಲಿ ರೈಟರಾಗಿದ್ದರು, ಹಾಜರಿ ಬರೆಯುತ್ತಿದ್ದರು ಎಂದು. ಹೇಳಿದ್ದು ಹೆಮ್ಮೆಯಿಂದಲೇ. ಒಂದು ದಿನವೂ ತೂಕದಲ್ಲಿ ಯಾರಿಗೂ ಮೋಸ ಮಾಡಿದವರಲ್ಲ ಎಂದೂ ಸೇರಿಸಿದಳು.

ನಾನು ನೆಲ ನೋಡುತ್ತಿದ್ದೆ. ಕಾಕೂ ಮಾತ್ರ ಯಾವ ಆಶ್ಚರ್ಯವನ್ನೂ ತೋರಿಸಲಿಲ್ಲ. ಅಮ್ಮ ಬಂದ ಮೊದಲ ವಾರದಲ್ಲೇ ಅವರಿಗೆ ಎಲ್ಲವನ್ನೂ ಹೇಳಿದ್ದಳಂತೆ, ಬಾಣಲೆ, ಜೊಳ್ಳು, ಹಿತ್ತಿಲ ತಂತಿಯ ಅಂಗಿ ಎಲ್ಲವನ್ನೂ. ಅದಾದ ಮೇಲೂ ಮೂರು ತಿಂಗಳು ಅವರು ನನ್ನ ಉಪನ್ಯಾಸಗಳನ್ನು ತಲೆಯಾಡಿಸಿ ಕೇಳಿದ್ದಾರೆ.

ಕಾಕಾ ಚೀಲವನ್ನು ಮಡಿಲಿನಲ್ಲಿಟ್ಟುಕೊಂಡು, "ಮೊಹರಿಲ್ಲ, ಬಾರ್‌ಕೋಡಿಲ್ಲ. ನಮ್ಮ ಕಚೇರಿಗೆ ತಪ್ಪಿಸಿಕೊಂಡು ಶಿರೂರಿಗೆ ಬಂದ ಮೊದಲ ಪಾರ್ಸೆಲ್ ಇದು, ಸಾಹೇಬ" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ತಮ್ಮ ತಂದೆ ತಾಯಿ ಇಬ್ಬರೂ ಊಸತೋಡಿಗೆ, ಅಂದರೆ ಕಬ್ಬು ಕಡಿಯುವ ಕೆಲಸಕ್ಕೆ, ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವರು ಎಂದು ಹೇಳಿದರು. ಇಲ್ಲಿ ಹಲವು ಸಕ್ಕರೆ ಕಾರ್ಖಾನೆಗಳು ಸಹಕಾರಿ, ಪಾಲು ಹೊಂದಿದ ರೈತರು 'ಆಮಚಾ ಕಾರಖಾನಾ' ಎನ್ನುತ್ತಾರೆ. ಪಾಲಿಲ್ಲದ ಅವರ ತಂದೆಯೂ ಹಾಗೆಯೇ ಎನ್ನುತ್ತಿದ್ದರಂತೆ. "ಮನೆಯಲ್ಲಿ ಚಹಕ್ಕೆ ಬೆಲ್ಲ ಇರುತ್ತಿತ್ತು, ಸಕ್ಕರೆ ಇರುತ್ತಿರಲಿಲ್ಲ" ಎಂದು ನಕ್ಕರು. ಹೋಗುವಾಗ ಕಾಫಿಯ ಬೆಲೆ ಕೇಳಿದರು. ನಾನು ಬೇಡವೆಂದೆ. ಅವರು ಕೇಳಲಿಲ್ಲ. ಕೊನೆಗೆ ಅರ್ಧ ತೆಗೆದುಕೊಂಡೆ.

ಅವರೆಲ್ಲ ಹೋದ ಮೇಲೆ ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. "ಅಪ್ಪ ರೈಟರು ಅಂತ ಹೇಳಲಿಕ್ಕೆ ನಿಂಗೆ ಎಂತ ಆಗಿತ್ತು?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ, ಅವಳು ಮತ್ತೆ ಕೇಳಲಿಲ್ಲ. ಹೈಸ್ಕೂಲಿನ ಫೀಸಿನ ಪ್ರಸಂಗ ಅವಳಿಗೆ ಗೊತ್ತೋ ಇಲ್ಲವೋ. ಅಪ್ಪ ಹೇಳಿರಲಾರರು.

ಮದುವೆ ಘೋಡ್ ನದಿಯ ಆಚೆಯ ಒಂದು ಮಂಗಲ ಕಾರ್ಯಾಲಯದಲ್ಲಿ. ಫಿಲ್ಟರಿಗೆಂದು ಬೀಸಿದ ಆ ಪುಡಿಯನ್ನು ಅಡುಗೆಯ ಆಚಾರಿ ಕೊಪ್ಪರಿಗೆಯ ಎಮ್ಮೆಹಾಲಿಗೆ ನೇರವಾಗಿ ಸುರಿದು, ಸಕ್ಕರೆ ಸುರಿದು, ಮೂರು ಜಾಯಿಕಾಯಿ ತುರಿದು, ಅರ್ಧ ಗಂಟೆ ಕುದಿಸಿ ಪಂಚೆಯಲ್ಲಿ ಸೋಸುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಾಯಿ ತೆರೆಯಲಿಲ್ಲ. ಪುಣೆಯಿಂದ ಬಂದ ಬೀಗರು ಮತ್ತೆ ಮತ್ತೆ ತರಿಸಿಕೊಂಡು ಕುಡಿದರು. ಅಮ್ಮ, ಕಾಕೂ ಗೋಡೆಯ ಬದಿಯ ಕುರ್ಚಿಗಳಲ್ಲಿ ಕುಳಿತಿದ್ದರು.

"ಪುಡಿ ಒಳ್ಳೇದು ಕಾಣುತ್ತೆ ಮಗಾ. ಎಲ್ಲಿಯದು?" ಎಂದಳು ಅಮ್ಮ.

"ಪುಣೆಯ ಅಂಗಡಿಯದಮ್ಮ."

"ಕಿಲೋಗೆ ಎಷ್ಟು?"

ಹೇಳಿದೆ. ಅಮ್ಮ ಲೋಟವನ್ನು ತುಟಿಯಿಂದ ಇಳಿಸಿ ನನ್ನ ಮುಖ ನೋಡಿದಳು, ಲೋಟದೊಳಗೆ ನೋಡಿದಳು. ಆಮೇಲೆ ಕಾಕೂವಿನ ಕಡೆ ವಾಲಿ ಕೊಂಕಣಿಯಲ್ಲಿ ಆ ಬೆಲೆಯನ್ನು ಹೇಳಿ, ಹಾದುಹೋಗುತ್ತಿದ್ದ ಹುಡುಗನನ್ನು ಕರೆದು ಇಬ್ಬರಿಗೂ ಇನ್ನೊಂದು ಲೋಟ ತರಲು ಹೇಳಿದಳು.